ವಿರೋಧಕ್ಕ ಮಾತಾಡೋ ಹುಡುಗಿ

ನನ್ನ ಪೋಸ್ಟಿನ ಕೆಳಗ ಯಾರರೆ ಒಬ್ರು ಬರದ ಬರೀತಾರ, ಅಕ್ಕಾರ ನೀವು ವಕೀಲರಾಗಬೇಕಿತ್ರಿ ಅಂತ. ಹೊಗಳಿಕಿ ಅಂತ ಗೊತ್ತೈತಿ. ಆದ್ರೂ ಓದಿದ ಕೂಡ್ಲೆ ಹೊಟ್ಟಿ ಉರೀತೈತಿ. ಯಾಕಂತ ಇವತ್ತು ಹೇಳೇ ಬಿಡ್ತೀನಿ.

ಎಂಬತ್ತರ ದಶಕದ ಕಡೀ ವರ್ಷಗಳು. ನಮ್ಮೂರು ಹನುಮಸಾಗರದ ಕಡೆ. ನಾನು ಕೊಪ್ಪಳದಾಗ ಸೋದರಮಾವನ ಮನ್ಯಾಗ ಇದ್ದು ಬಿ.ಎ. ಮಾಡ್ತಿದ್ದೆ. ಓದು ಅಂದ್ರ ಏನೂ ಇರಲಿಲ್ಲ ಬಿಡ್ರಿ. ಹಿಸ್ಟ್ರಿ ಸರ ನೋಟ್ಸ್ ಓದತಿದ್ರು, ನಾವು ಬರಕೋತಿದ್ವಿ, ಪರೀಕ್ಷಾದಾಗ ಅದನ್ನ ಅವರಿಗೇ ವಾಪಸ್ ಕೊಡ್ತಿದ್ವಿ. ಜೀವ ಇದ್ದದ್ದು ಒಂದ ಕಡೆ, ಚರ್ಚಾ ಸಂಘದಾಗ. ಅಲ್ಲಿ ಬಾಯಿ ತಗದ್ರ ಯಾರೂ ಬೈತಿರಲಿಲ್ಲ.

ಆವಾಗಿನ ಚರ್ಚಾಸ್ಪರ್ಧೆ ಪದ್ಧತಿ ಹಿಂಗಿತ್ತು. ಒಂದು ಕಾಲೇಜಿನಿಂದ ಇಬ್ರು ಹೋಗಬೇಕು. ಒಬ್ರು ವಿಷಯದ ಪರ, ಇನ್ನೊಬ್ರು ವಿರೋಧ. ಇಬ್ಬರ ಮಾರ್ಕ್ಸ್ ಕೂಡಿಸಿ ಶೀಲ್ಡು. ವಿಷಯನೂ ಎಲ್ಲಿ ಹೋದ್ರೂ ಹೆಚ್ಚುಕಮ್ಮಿ ಅದ: ಹೆಣ್ಣುಮಕ್ಕಳು ನೌಕರಿ ಮಾಡಬೇಕು. ಸಂಘ ನೋಡಿಕೊಳ್ಳೋ ಕನ್ನಡ ಸರ ಇದಕ್ಕೊಂದು ಉಪಾಯ ಮಾಡಿದ್ರು. ಪರ ಹುಡುಗನ ಕಡಿಂದ, ವಿರೋಧ ಹುಡುಗಿ ಕಡಿಂದ. ಹೆಣ್ಣಾಗಿ ತಾನ ನೌಕರಿ ಒಲ್ಲೆ ಅಂದ್ರ ನಿರ್ಣಾಯಕರು ಬೆಣ್ಣಿ ಕರಗಿದಂಗ ಕರಗ್ತಾರ ಅಂತಿದ್ರು. ಖರೇನ ಕರಗತಿದ್ರು. ನಾ ಒಮ್ಮೆ ಪರ ಮಾತಾಡ್ತೀನ್ರಿ ಅಂದಿದ್ದಕ್ಕ, ನಿನಗ ಶೀಲ್ಡು ಬೇಕೋ ಬ್ಯಾಡೋ ಅಂತ ನಕ್ಕರು.

ಭಾಷಣ ಸರ ಬರದದ್ದು. "ಸಂಜೆಯಾದರೆ ನನ್ನ ತಾಯಿ ಹೊಸ್ತಿಲಲ್ಲಿ ಕುಳಿತು ನನ್ನ ದಾರಿ ಕಾಯುತ್ತಾಳೆ. ನಾಳೆ ನನ್ನ ಮಕ್ಕಳ ದಾರಿ ಕಾಯುವವರು ಯಾರು, ಕಚೇರಿಯ ಗಡಿಯಾರವೇ?" ಇಲ್ಲಿ ದನಿ ನಡಗಬೇಕು, ಕಣ್ಣಾಗ ನೀರು ಬರಬೇಕು, ಸ್ವಲ್ಪ ನಿಲ್ಲಬೇಕು. ನಮ್ಮವ್ವ ಆ ಹೊತ್ತಿನ್ಯಾಗ ಹೊಲದಾಗ ಇರ್ತಿದ್ಲು. ಹೊಸ್ತಿಲದಾಗ ಕೂಡೋ ಪುರುಸೊತ್ತು ಆಕಿಗೆ ಯಾವತ್ತೂ ಸಿಕ್ಕಿಲ್ಲ.

ಗಂಗಾವತ್ಯಾಗ ಒಂದು ದೊಡ್ಡ ಸ್ಪರ್ಧೆ ಇತ್ತು. ಅವತ್ತು ನಾ ಮಾತಾಡಿದ್ದಕ್ಕ ನನಗ ಮೈ ಜುಮ್ಮ ಅಂದಿತ್ತು. ಸಭಾ ಪೂರ್ತಿ ನನ್ನ ಬಾಯಿ ನೋಡಾಕತ್ತಿತ್ತು. ಶೀಲ್ಡು ನಮಗ ಬಂತು. ಕೆಳಗ ಇಳಿದ ಮ್ಯಾಲ ನಿರ್ಣಾಯಕರೊಬ್ರು, ವಯಸ್ಸಾದ ವಕೀಲರು, ನನ್ನ ಕರದ್ರು.

"ತಂಗಿ, ನೀ ಹೇಳಿದ್ದರಾಗ ಒಂದು ಮಾತನ್ನೂ ನಾ ಒಪ್ಪಂಗಿಲ್ಲ. ನಂಬದ ಮಾತನ್ನ ಹಿಂಗ ಆಡಾಕಿ, ನಂಬಿದ ಮಾತು ಇನ್ನ ಹೆಂಗ ಆಡ್ತಿ? ಲಾ ಓದು."

ನಾ ನಂಬಂಗಿಲ್ಲ ಅನ್ನೋದು ಅವರಿಗೆ ಹೆಂಗ ಗೊತ್ತಾತೋ. ಬಸ್ಸಿನ್ಯಾಗ ಕೊಪ್ಪಳ ಬರೂತನಕ ಅದ ಒಂದು ಮಾತು ತಲ್ಯಾಗ. ಏನಾಗಬೇಕು ಅಂತ ಅಲ್ಲೀತನಕ ನನ್ನ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಈಗ ಗೊತ್ತಾಗಿತ್ತು. ಬಿ.ಎ. ಮುಗಿಸಿ ಧಾರವಾಡಕ್ಕ ಹೋಗೂದು, ಲಾ ಮಾಡೂದು.

ಆದ್ರ ಆ ಸಭಾದಾಗ ನಮ್ಮಪ್ಪನೂ ಕುಂತಿದ್ದ. ಗಂಗಾವತಿಗೆ ಅಕ್ಕಿ ತರಾಕ ಬಂದಾವ, ಮಗಳ ಭಾಷಣ ಐತಿ ಅಂತ ಕೇಳಿ ಹಿಂದ ಬಂದು ಕುಂತಿದ್ದ. ಜೋಡಿ ಯಲಬುರ್ಗಾದ ಕಿರಾಣಿ ಸಾವ್ಕಾರ ಒಬ್ಬ, ಅಪ್ಪನ ದೋಸ್ತ. ಆ ಸಾವ್ಕಾರ ಭಾಷಣ ಕೇಳಿ ಕಣ್ಣು ಒರಸಿಕೊಂಡನಂತ. ಸೂಟಿಗೆ ಊರಿಗೆ ಹೋಗೂದರಾಗ ಅವನ ಮಗನಿಗೆ ನನ್ನ ಕೇಳಿದ್ರು.

ನಾ ಲಾ ಓದ್ತೀನಿ ಅಂದೆ. ಅಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಛಲೋ ಇತ್ತು, ಜಗಳ ಆಡಬಹುದಿತ್ತು.

"ಅಷ್ಟು ಮಂದಿ ಮುಂದ ಏನಂದೆವಾ ನೀನು?"

"ಯಪ್ಪಾ, ಅದು ಸ್ಪರ್ಧೆಗೆ ಅಂದಿದ್ದು. ಸರ ನನಗ ವಿರೋಧ ಕೊಟ್ಟಿದ್ರು."

"ಮನಸ್ಸಿನ್ಯಾಗ ಇಲ್ಲದ್ದನ್ನ ಕಣ್ಣಾಗ ನೀರು ತಗದು ಯಾರರೆ ಹೇಳ್ತಾರನು? ನನ್ನ ಹುಚ್ಚ ಮಾಡಬ್ಯಾಡ."

ಅಂವ ಖರೇನ ನಂಬಿದ್ದ. ಮಗಳು ಹಿಂಗ ವಿಚಾರ ಮಾಡ್ತಾಳಲ್ಲ ಅಂತ ಊರ ತುಂಬ ಹೇಳಿಕೊಂಡು ಬಂದಿದ್ದ. ಕಲಿಸಿ ಕಳಿಸಿದ ಮಾತಿಗೂ ಮನಸ್ಸಿನ ಮಾತಿಗೂ ಫರಕ ಇರ್ತೈತಿ ಅನ್ನೋದು ಆ ಮನಷ್ಯಾಗ ತಿಳೀಲೇ ಇಲ್ಲ. ಎಷ್ಟು ಹೇಳಿದ್ರೂ, ಹುಡುಗಿ ಈಗ ಹಟಕ್ಕ ಬಿದ್ದು ಸುಳ್ಳ ಹೇಳಾಕತ್ಯಾಳ ಅಂದ.

ಕಡೀಗೆ ನಾ ಕನ್ನಡ ಸರನ ಹಿಡಕೊಂಡೆ. ನೀವ ಬಂದು ಅಪ್ಪಗ ಪದ್ಧತಿ ಹೆಂಗ ಅಂತ ತಿಳಿಸಿ ಹೇಳ್ರಿ ಅಂತ ಕೈ ಮುಗದೆ. ಬಂದ್ರು ಪಾಪ, ಕುಷ್ಟಗ್ಯಾಗ ಬಸ್ಸು ಬದಲಿ ಮಾಡಿ, ಬಿಸಲಾಗ. ಅಪ್ಪ ಚಾಪಿ ಹಾಸಿದ, ನಾ ಚಾ ಕೊಟ್ಟು ಬಾಗಲಾ ಹಿಂದ ನಿಂತೆ. ಅಪ್ಪ ಎಲ್ಲಾ ಹೇಳಿ, ನೀವು ಕಲಿಸಿದವರು, ಏನು ಮಾಡೂಣ ಹೇಳ್ರಿ ಅಂದ. ವರ ಯಾರು ಅಂತ ಕೇಳಿದ್ರು ಸರ. ಯಲಬುರ್ಗಾದ ಸಾವ್ಕಾರನ ಹೆಸರು ಅವರಿಗೂ ಗೊತ್ತಿತ್ತು.

"ಛಲೋ ಮನೆತನ ಅದು, ಬಿಡಬ್ಯಾಡ್ರಿ. ಹುಡುಗಿ ಶ್ಯಾಣ್ಯಾಕಿ, ಒಪ್ಪತಾಳ. ಆ ಭಾಷಣ ಹಂಗ ಹೇಳಾಕ ಸುಮ್ಮನ ಬರಂಗಿಲ್ರಿ, ಒಳಗ ಅಂಥಾ ಸಂಸ್ಕಾರ ಇರಬೇಕು."

ಆ ಸಾಲು ಬರದಾವ ಅಂವ, ಎಲ್ಲಿ ಅಳಬೇಕಂತ ಕಲಿಸಿದಾವ ಅಂವ. ಹೋಗುವಾಗ, ಮದವಿಗೆ ಕರೀಬೇಕವಾ ಅಂತ ನನಗ ಹೇಳಿ ಹೋದ್ರು. ನಾ ಕರೀಲಿಲ್ಲ, ಅಪ್ಪ ಕರದ. ಬಂದು ಹೋಳಗಿ ಮತ್ತ ಮತ್ತ ಹಾಕಿಸಿಕೊಂಡು ಉಂಡ್ರು.

ನಾ ಯಲಬುರ್ಗಾಕ್ಕ ಹೋದೆ. ಗಂಡ ಕೆಟ್ಟಾವ ಅಲ್ಲ, ಅದು ಬ್ಯಾರೆ ಮಾತು. ಮರುವರ್ಷ ಕೊಪ್ಪಳದಿಂದ ಒಬ್ಬಾಕಿ ಹುಡುಗಿ ನಮ್ಮ ಮನೀಗೆ ಬಂದ್ಲು, ನಮ್ಮ ಕಾಲೇಜಿನಾಕಿ, ಎರಡು ಜಡಿ ಹಾಕ್ಕೊಂಡಿದ್ಲು. ಸರ ಕಳಿಸ್ಯಾರಂತ. ಆ ಭಾಷಣ ನನ್ನಂಗ ಹೇಳೂದು ಕಲಿಸಬೇಕಂತ. ಅತ್ತಿ ಒಳಗಿಂದ, ಹೇಳಿಕೊಡವಾ, ಛಲೋ ಮಾತು ಅವು ಅಂದ್ರು.

ನಾ ಆ ಹುಡುಗಿನ ಹೊರಗ ಕಟ್ಟಿ ಮ್ಯಾಲ ಕೂಡ್ರಿಸಿ ಸಣ್ಣ ದನಿಲೆ ಹೇಳಿದೆ, ಇದನ್ನ ಕಲೀಬ್ಯಾಡ, ಪರ ಮಾತಾಡ್ತೀನಿ ಅಂತ ಸರಗ ಗಟ್ಟಿಯಾಗಿ ಹೇಳು ಅಂತ. ಆಕಿ ನನ್ನ ಮಾರಿ ನೋಡಿದ್ಲು, ಇಷ್ಟೂ ತಿಳಿಯಂಗಿಲ್ಲನು ಇಕಿಗೆ ಅನ್ನೋಹಂಗ.

"ಅದು ಹುಡುಗರದ್ರಿ, ಅಕ್ಕಾರ."