ರೈಟ್ ಎನ್ನುವ ಅಧಿಕಾರ

ನಿಘಂಟಿನಲ್ಲಿ ಯಾವುದೋ ಪದ ಹುಡುಕಲು ಹೋಗಿ ಇನ್ನೆಲ್ಲೋ ಕಳೆದುಹೋಗುವುದು ನನ್ನ ಹಳೆಯ ಚಾಳಿ. ಮೊನ್ನೆ 'ರೈಟ್' ಎಂಬ ಪದದ ಬಳಿ ಸಿಕ್ಕಿಕೊಂಡೆ. ಸರಿ, ಬಲಗಡೆ, ಹಕ್ಕು, ನೆಟ್ಟಗೆ, ನ್ಯಾಯ. ಅರ್ಥಗಳು ಮುಗಿಯುವಂತೆಯೇ ಕಾಣಲಿಲ್ಲ. ಆದರೂ ಎಪ್ಪತ್ತರ ದಶಕದ ಬನಶಂಕರಿಯಲ್ಲಿ ಬೆಳೆದ ನಾನು ಮೊದಲು ಕಲಿತ ಅರ್ಥ ಅಲ್ಲಿರಲಿಲ್ಲ. ಅದು, ಬಸ್ಸು ಹೊರಡಲಿ ಎಂಬುದು.

ಕಂಡಕ್ಟರ್ ಹಿಂಬಾಗಿಲಲ್ಲಿ ನಿಂತು ಆ ಒಂದು ಮಾತು ಹೇಳಿದರೆ ಅಷ್ಟು ದೊಡ್ಡ ಬಸ್ಸು, ಅಷ್ಟೊಂದು ಜನ, ಅವರ ಊಟದ ಕ್ಯಾರಿಯರ್, ಬಾಳೆಗೊನೆಗಳ ಸಮೇತ ಕದಲುತ್ತಿತ್ತು. ನಾನು ಬೆರಗಾಗಿ ನೋಡುತ್ತಿದ್ದೆ. ಮಂತ್ರವೆಂದರೆ ಇದೇ ಇರಬೇಕು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಆ ಮಂತ್ರ ಅಪ್ಪನ ಸ್ವತ್ತು. ಸಾರಿಗೆ ಉಪ್ಪು ಸಾಕೆಂದು ಅಮ್ಮ ಹೇಳಿದರೂ, ಅಪ್ಪ ರುಚಿ ನೋಡಿ 'ರೈಟ್' ಎನ್ನುವವರೆಗೆ ಅದು ಸಾಕಾಗುತ್ತಿರಲಿಲ್ಲ.

ಒಮ್ಮೆ ತಲಘಟ್ಟಪುರದ ನೆಂಟರ ಮನೆಗೆ ನಾಮಕರಣಕ್ಕೆ ಹೊರಟೆವು. ಹೊತ್ತಾಗಿತ್ತು. ಎಂದಿನಂತೆ ಅಪ್ಪ ಮುಂದೆ ಮುಂದೆ. ನನ್ನನ್ನು ಎಳೆದುಕೊಂಡು ಬಸ್ಸು ಹತ್ತಿ, ಸೀಟು ಹಿಡಿದು, ತಾವೇ ಗಟ್ಟಿಯಾಗಿ 'ರೈಟ್' ಎಂದುಬಿಟ್ಟರು. ಹಿಂದಿರುಗಿ ನೋಡಿದೆ. ಕಂಕುಳಲ್ಲಿ ತಂಗಿಯನ್ನು ಎತ್ತಿಕೊಂಡಿದ್ದ ಅಮ್ಮನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ರಸ್ತೆಯಲ್ಲಿತ್ತು.

ಬಸ್ಸು ಅಲುಗಲಿಲ್ಲ.

"ಅದು ನಮ್ಮೋನ್ ದನಿ ಅಲ್ಲ ಸಾರ್," ಎಂದ ಡ್ರೈವರ್, ತಿರುಗಿ ಕೂಡ ನೋಡದೆ.

ಹಿಂದೆ ಕಂಡಕ್ಟರ್ ತಂಗಿಯನ್ನು ಈಸಿಕೊಂಡು, "ನಿಧಾನಕ್ ಬನ್ನಿ ಅಕ್ಕ," ಎಂದು ಅಮ್ಮನನ್ನು ಹತ್ತಿಸಿಕೊಂಡ. ಆಮೇಲೆ ಅಪ್ಪನ ಕಡೆ ತಿರುಗಿದ. "ನೀವ್ ಕೂತ್ರಿ ಅಂತ ರೈಟ್ ಆಗಲ್ಲ ಸಾರ್. ಎಲ್ರೂ ಹತ್ತಿದ್ಮೇಲೆ ರೈಟ್."

ಅಪ್ಪನಿಗೆ ಹಾಗೆ ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಪ್ಪ ದಾರಿಯುದ್ದಕ್ಕೂ ಕಿಟಕಿಯಾಚೆಯ ರಾಗಿ ಹೊಲಗಳನ್ನೇ ನೋಡುತ್ತ ಕೂತರು. ನಾಮಕರಣದ ಊಟದಲ್ಲೂ ಪಾಯಸ ರೈಟೋ ಅಲ್ಲವೋ ಹೇಳಲಿಲ್ಲ.

ಸಂಜೆ ವಾಪಸು ಬರುವಾಗ ಬಸ್ಸು ನಿಂತರೂ ಅಪ್ಪ ನುಗ್ಗಲಿಲ್ಲ. ತಂಗಿಯನ್ನು ತಾವೇ ಎತ್ತಿಕೊಂಡು ಬಾಗಿಲ ಪಕ್ಕ ನಿಂತರು. ಅಮ್ಮ ಹತ್ತಿದಳು, ನಾನು ಹತ್ತಿದೆ, ಕೊನೆಗೆ ಅವರು. ಅಮ್ಮ ನಮ್ಮೆಲ್ಲರನ್ನೂ ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು, ಮೆಲ್ಲಗೆ 'ರೈಟ್' ಎಂದಳು.

ಕಂಡಕ್ಟರ್ ನಕ್ಕು, ಅದನ್ನೇ ಜೋರಾಗಿ ಹೇಳಿದ.