ದಿಂಬಿನ ಪ್ರಶ್ನೆ

ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕನ ಕೆಲಸ ಅರ್ಧ ಮುಗಿದಿರುತ್ತದೆ. ಮುದ್ದೆಯಾದ ದಿಂಬಿನ ಕವರುಗಳು ಮೇಜಿನ ಎಡಕ್ಕೆ, ಗರಿಗರಿಯಾದವು ಬಲಕ್ಕೆ. ಬೇರೆ ವಾರವಾಗಿದ್ದರೆ ಕೈಯ ಜತೆಗೆ ತುಟಿಯೂ ಅಲ್ಲಾಡುತ್ತಿತ್ತು, ಮುಂದಿನ ಪ್ರಶ್ನೆ ಹೆಣೆಯುತ್ತ. ಈ ವಾರ ಯಾರಾದರೂ ಬಾಗಿಲಿಗೆ ಬಂದರೆ ಸಾಕು, ತಲೆ ತಗ್ಗಿಸುತ್ತಾರೆ.

ಮಕ್ಕಳ ವಾರ್ಡಿಗೆ ಪುಸ್ತಕ, ಆಟಿಕೆ ತರಲೆಂದು ಆಸ್ಪತ್ರೆಯವರು ಆಗಾಗ ಮಾರುವ ಕ್ವಿಜ್ ಹಾಳೆಯ ಹಿಂದಿರುವ ತಲೆ ಇವರದೇ. ಒಗಟಿನಂಥ ಮೂವತ್ತು ಪ್ರಶ್ನೆ. ಚಿಲ್ಲರೆ ಕೊಟ್ಟು ಕೊಂಡು, ಮನೆಯಲ್ಲಿ ಬಿಡಿಸಿ, ಪೆಟ್ಟಿಗೆಗೆ ಹಾಕಬೇಕು. ಗೆದ್ದವರಿಗೆ ಒಂದು ಕೊಡೆ. ಹಾಳೆಯಲ್ಲಿ ಅಕ್ಕನ ಹೆಸರೂ ಇರುವುದಿಲ್ಲ. ಓದು ಅರ್ಧಕ್ಕೇ ನಿಂತು, ಗಂಡನೂ ಬೇಗ ತೀರಿಕೊಂಡು, ಮಗಳೊಬ್ಬಳನ್ನು ಬಿಟ್ಟರೆ ತನ್ನದು ಅಂತ ಅವರಿಗೆ ಉಳಿದಿರುವುದು ಈ ಹಾಳೆಯೊಂದೇ. "ಹೊಟ್ಟೆಗೆ ಇಸ್ತ್ರಿ, ತಲೆ ಕೆಡದೆ ಇರೋಕೆ ಕ್ವಿಜ್," ಅನ್ನುತ್ತಾರೆ.

ಆಟ ಚಿಕ್ಕದಾದರೂ ಅದರ ಮರ್ಯಾದೆ ದೊಡ್ಡದು. ಬಿಡಿಸಿದವರು ಕೊನೆಯ ದಿನ ಕಳೆಯುವ ತನಕ ಉತ್ತರವನ್ನು ಊರೆಲ್ಲ ಹಂಚುವಂತಿಲ್ಲ. ಹಾಳೆ ಮಾಡಿದವರ ಮನೆಯವರು ಆಡುವಂತಿಲ್ಲ. "ನನ್ನ ಮಗಳು ಇಣುಕಿದ್ರೂ ಬಯ್ತೀನಿ. ಇನ್ನೊಬ್ಬರು ಹೆಣೆದದ್ದನ್ನ ಎತ್ತೋದಂತೂ ಕಳ್ಳತನವೇ. ಎಲ್ಲರಿಗೂ ಈ ಪಾಠ ಹೇಳ್ತಿದ್ದವಳು ನಾನೇ ನೋಡಿ!" ಎನ್ನುವಾಗ ಅಕ್ಕನ ಮುಖ ಕೆಂಪಾಗುತ್ತದೆ.

ಈ ಸಲದ ಹದಿನೇಳನೆಯ ಪ್ರಶ್ನೆ ಇದು: ಮನೆಯವರ ಅಳುವನ್ನೆಲ್ಲ ಕೇಳಿಸಿಕೊಳ್ಳುತ್ತೆ, ಬೆಳಗಾದರೆ ಯಾರಿಗೂ ಹೇಳಲ್ಲ. ಉತ್ತರ, ದಿಂಬು. ನರ್ಸುಗಳು ಲಾಂಡ್ರಿಗೇ ಬಂದು ಹೊಗಳಿದರು. ಅಕ್ಕ ಹಿರಿಹಿರಿ ಹಿಗ್ಗಿದರು. ದಿನವಿಡೀ ದಿಂಬಿನ ಕವರ್ ತಿಕ್ಕುವವಳಿಗಲ್ಲದೆ ಇನ್ಯಾರಿಗೆ ಹೊಳೆದೀತು ಎಂದು ಬೀಗಿದ್ದೂ ಉಂಟು.

ಉತ್ತರ ತಿದ್ದುವಾಗ ಗಡಿಯಾರದಜ್ಜನ ಹಾಳೆ ಸಿಕ್ಕಿತು. ಎದುರು ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಈ ಅಜ್ಜ ಅಕ್ಕನಿಗಿಂತ ಮೊದಲು ಇದೇ ಹಾಳೆ ಮಾಡುತ್ತಿದ್ದವರು. ಎಲ್ಲ ಉತ್ತರವೂ ಸರಿ, ಹದಿನೇಳು ಮಾತ್ರ ಖಾಲಿ. ಕೊಡೆ ಬೇರೆಯವರ ಪಾಲಾಯಿತು. ಅಕ್ಕ ಅಂಗಡಿಗೆ ಹೋಗಿ ಕಾಲೆಳೆದರು: "ಏನಜ್ಜಾ, ದಿಂಬು ಹೊಳೀಲಿಲ್ವಾ? ಅಷ್ಟು ಸುಲಭದ್ದು!"

"ವಯಸ್ಸಾಯ್ತಲ್ಲಮ್ಮ," ಎಂದು ಅಜ್ಜ ನಕ್ಕರು. ತಡೆಯಲಾಗದ್ದು ಪಕ್ಕದಲ್ಲಿದ್ದ ಅಜ್ಜಿಗೆ. "ಹೊಳೀದೆ ಏನು? ಅದು ಇವರೇ ಹೆಣೆದದ್ದು. ನಮ್ಮ ಮಗ ತೀರಿಕೊಂಡ ವರ್ಷ, ನಾನು ಅಳೋದನ್ನ ಕೇಳಿ ಬರೆದದ್ದು. ಆ ಹಾಳೇನ ನೀನೂ ಬಿಡಿಸಿದ್ದೆ. ತನ್ನ ಪ್ರಶ್ನೆಗೆ ತಾನೇ ಉತ್ತರ ಬರೆದು ಗೆಲ್ಲೋದು ಚೆನ್ನಾಗಿರಲ್ಲ ಅಂತ ಖಾಲಿ ಬಿಟ್ರು."

"ಸುಮ್ನಿರೇ, ಅವಳೇನು ಬೇಕಂತ ಮಾಡಿಲ್ಲ," ಅಂದರು ಅಜ್ಜ. ಬೈದಿದ್ದರೆ ಎಷ್ಟೋ ವಾಸಿಯಿತ್ತು!

"ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು," ಎನ್ನುತ್ತಾರೆ ಅಕ್ಕ. "ಬಿಡಿಸಿದ್ದು ಮರೆತೇ ಹೋಗಿತ್ತು, ಮಾತು ಮಾತ್ರ ಒಳಗೆಲ್ಲೋ ಕೂತಿತ್ತು. ಗೊತ್ತಿಲ್ದೆ ಕದ್ರೆ ಕದ್ದಂಗಲ್ವಾ? ಆ ತಾಯಿ ಕಣ್ಣೀರಿಗೆ ನಾನು ಹೊಗಳಿಸ್ಕೊಂಡೆನಲ್ಲ!"

ಹಾಳೆಯ ಮಾರಾಟ ನೋಡಿಕೊಳ್ಳುವ ಹಿರಿಯ ನರ್ಸಿಗೆ ಅಂದೇ ವಿಷಯ ತಿಳಿಸಿದರು. ಅವರದು ಒಂದೇ ಮಾತು: "ಯಾರಿಗೆ ಗೊತ್ತಾಗುತ್ತೆ, ಬಿಡಿ. ಬಾಯಿ ಬಿಟ್ರೆ ಮುಂದೆ ಹಾಳೆ ಮಾಡೋ ಕೆಲಸ ನಿಮಗೆ ಕೊಡೋದು ಕಷ್ಟ." ಹಾಳೆಯೂ ಕೈತಪ್ಪಿದರೆ ಅಕ್ಕನ ಕೈಗೆ ಉಳಿಯುವುದು ಇಸ್ತ್ರಿಪೆಟ್ಟಿಗೆಯೊಂದೇ.

ಫೋಟೋ ತೆಗೆಯಹೋದರೆ ಅಂಗೈ ಅಡ್ಡ ಹಿಡಿಯುತ್ತಾರೆ. "ಪೇಪರಿಗೆ ಮಾತಾಡೋಕೆ ಒಪ್ಪಿದ್ದೇ ಇದೊಂದಕ್ಕೆ. ದಿಂಬಿನ ಪ್ರಶ್ನೆ ಗಡಿಯಾರದಜ್ಜಂದು, ನಂದಲ್ಲ ಅಂತ ದೊಡ್ಡಕ್ಷರದಲ್ಲಿ ಹಾಕಿ. ಹಾಳೆ ಕೊಡ್ತಾರೋ ಕಿತ್ಕೋತಾರೋ, ಅದು ಅವರಿಷ್ಟ. ಹೊಗಳೋರು ಇನ್ಮೇಲೆ ಆ ಅಂಗಡಿಗೆ ಹೋಗಿ ಹೊಗಳ್ಲಿ. ಅಜ್ಜಿ ಕಿವಿಗೂ ಬೀಳ್ಲಿ."