ಎರವಲು ಕೊಟ್ಟ ಪಾಪ

ಸ್ವಾತಂತ್ರ್ಯ ಬರುವುದಕ್ಕೆ ಕೆಲವು ವರ್ಷ ಮುಂಚೆ ನಾನು ಮದ್ದೂರಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದೆ. ನಮ್ಮ ಮೇಷ್ಟ್ರು ಕ್ರೈಸ್ತರು, ಒಳ್ಳೆಯವರು. ಮನುಷ್ಯ ಹುಟ್ಟುತ್ತಲೇ ಪಾಪಿ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಾವು ಭಾಗಾಕಾರ ತಪ್ಪು ಮಾಡಿದರೆ ದಡ್ಡರೆಂದು ಬೈಯುತ್ತಿರಲಿಲ್ಲ; ಇದು ಆದಾಮನಿಂದ ಬಂದದ್ದು ಎಂದು ನಿಟ್ಟುಸಿರು ಬಿಡುತ್ತಿದ್ದರು. ನಮ್ಮ ತಾತ ಮುತ್ತಾತಂದಿರು ರಾಗಿ ಬೆಳೆದುಕೊಂಡಿದ್ದವರು, ಆದಾಮ ತಿಂದ ಆ ಹಣ್ಣಿನ ತಂಟೆಗೆ ಹೋದವರಲ್ಲ. ಆದರೂ ಒಪ್ಪಿಕೊಂಡೆವು.

ಸೋಮವಾರ ಬೆಳಿಗ್ಗೆ ಪ್ರತಿಯೊಬ್ಬನೂ ಎದ್ದು ನಿಂತು ವಾರದ ಒಂದು ಪಾಪ ಹೇಳಬೇಕು. ಹೇಳಿದವನಿಗೆ ಕ್ಷಮೆ. 'ಏನೂ ಮಾಡಿಲ್ಲ ಸಾ' ಎಂದವನಿಗೆ ಬೆತ್ತ, ಯಾಕೆಂದರೆ ಅದು ಅಹಂಕಾರ. ಹೀಗಾಗಿ ಸಾಧು ಹುಡುಗರ ಬೆನ್ನೇ ಹೆಚ್ಚು ಊದಿಕೊಳ್ಳುತ್ತಿತ್ತು. ನನಗೆ ಮಾಡದ ಪಾಪ ಕಟ್ಟಿ ಹೇಳುವ ಕೈಚಳಕವಿತ್ತು. ಗೆಳೆಯರಿಗೂ ಕೊಡುತ್ತಿದ್ದೆ.

ವೈದ್ಯನಾಥಪುರದಲ್ಲಿ ನನ್ನ ದೊಡ್ಡಪ್ಪನ ಆಲೆಮನೆಯಿತ್ತು. ಅಲ್ಲಿ ಬೆಲ್ಲ ಬೇಯಿಸುತ್ತಿದ್ದವನ ಮಗ ನನ್ನ ಜೊತೆಯೇ ಶಾಲೆಗೆ ನಡೆದು ಬರುತ್ತಿದ್ದ. ಅವನಷ್ಟು ಸಾಧು ಇನ್ನೊಬ್ಬನಿರಲಿಲ್ಲ.

"ಲೇ, ಈ ವಾರ ಒಂದೂ ಪಾಪ ಇಲ್ಲ ಕಣ್ಲಾ. ಒಂದ್ ಕೊಡು," ಎಂದ ಒಂದು ಸೋಮವಾರ, ದಾರಿಯಲ್ಲಿ.

"ಓದ್ವಾರ ಕೊಟ್ಟಿದ್ನಲ್ಲಾ?"

"ಅದು ಯೋಳಾಯ್ತಲ್ಲ. ಬೇರೆ ಕೊಡು."

ನನ್ನ ಹತ್ತಿರ ನಿಜವಾದ ಒಂದು ಪಾಪವಿತ್ತು. ಆ ವಾರ ಆಲೆಮನೆಯಿಂದ ಎರಡು ಅಚ್ಚು ಬೆಲ್ಲ ಕದ್ದು ತಿಂದಿದ್ದೆ. ಕೇಳಿದ್ದರೆ ದೊಡ್ಡಪ್ಪನೇ ಕೊಡುತ್ತಿದ್ದ. ಕದ್ದದ್ದರ ರುಚಿಯೇ ಬೇರೆ. ನಮ್ಮ ಪಾಪಗಳನ್ನೆಲ್ಲ ಇನ್ನೊಬ್ಬರು ಹೊತ್ತು ಹೋದರೆಂದು ಮೇಷ್ಟ್ರು ದಿನಾ ಹೇಳುತ್ತಿದ್ದರಲ್ಲ, ಹಾಗಾದರೆ ಇವನೂ ಹೊರಬಹುದು ಎಂದುಕೊಂಡೆ. ನಿಜವೆಂದು ಹೇಳದೆ ಅದನ್ನೇ ಅವನಿಗೆ ಕೊಟ್ಟೆ. ತರಗತಿಯಲ್ಲಿ ಅವನು ಎದ್ದು ನಿಂತು, ಆಲೆಮನೆಯಲ್ಲಿ ಬೆಲ್ಲ ಕದ್ದೆ ಎಂದು ಗಟ್ಟಿಯಾಗಿ ಹೇಳಿದ. ಮೇಷ್ಟ್ರು ಕ್ಷಮಿಸಿದರು.

ಊರು ಕ್ಷಮಿಸಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಸುದ್ದಿ ಆಲೆಮನೆ ಮುಟ್ಟಿತ್ತು. ಅಚ್ಚು ಕಡಿಮೆಯಾದದ್ದನ್ನು ದೊಡ್ಡಪ್ಪ ಆಗಲೇ ಕಂಡಿದ್ದ. ಗೆಳೆಯನ ಅಪ್ಪ ಮಗನಿಗೆ ಬಾರಿಸಿ, ಶಾಲೆ ಬಿಡಿಸಿ, ಗಾಣಕ್ಕೆ ಕಬ್ಬು ಕೊಡಲು ಕೂರಿಸಿದ.

ನಾಲ್ಕು ದಿನ ನೋಡಿ ಮೇಷ್ಟ್ರು ನನ್ನನ್ನೇ ಕರೆದುಕೊಂಡು ಅಲ್ಲಿಗೆ ನಡೆದರು. "ಹುಡುಗನನ್ನು ಕಳಿಸಪ್ಪ. ನೀನು, ನಾನು, ನಾವೆಲ್ಲ ಪಾಪಿಗಳೇ," ಎಂದರು.

"ನೀವು ಆಗಿರ್ಬೋದು ಬುಡಿ ಸ್ವಾಮಿ. ನಮ್ಮನೇಲಿ ಯಾವನೂ ಕದ್ದೋನಲ್ಲ. ಇವ್ನೊಬ್ಬ ಉಟ್ಟವ್ನೆ," ಎಂದ ಅವನ ಅಪ್ಪ. ಆಮೇಲೆ ನನ್ನ ಕಡೆ ತಿರುಗಿದ. "ಆ ಮಾತ ನೀನೇ ಯೋಳ್ಕೊಟ್ಟೆ ಅಂತಾನಲ್ಲಪ್ಪ, ದಿಟವಾ?"

ಗೆಳೆಯ ಕಬ್ಬು ಹಿಡಿದ ಕೈ ನಿಲ್ಲಿಸಿದ. ಕೊಪ್ಪರಿಗೆಯ ಹತ್ತಿರ ದೊಡ್ಡಪ್ಪ ನಿಂತಿದ್ದ. ಹೌದು ಎಂದಿದ್ದರೆ ನನಗೆ ಎರಡೇಟು ಬೀಳುತ್ತಿತ್ತು, ಅವನು ಮಾರನೆಯ ದಿನ ಶಾಲೆಯಲ್ಲಿರುತ್ತಿದ್ದ.

"ನಂಗೇನೂ ಗೊತ್ತಿಲ್ಲ," ಎಂದೆ.

ಗೆಳೆಯ ಮತ್ತೆ ಕಬ್ಬು ಕೊಡತೊಡಗಿದ. ಶಾಲೆಗೆ ಬರಲೇ ಇಲ್ಲ. ನಾನು ಹೈಸ್ಕೂಲು ಮುಗಿಸಿದೆ, ಅವನು ಸಾಯುವವರೆಗೂ ಗಾಣಕ್ಕೆ ಕಬ್ಬು ಕೊಟ್ಟ.

ಮುಂದಿನ ಸೋಮವಾರ ನನ್ನ ಸರದಿ ಬಂದಾಗ, ಪ್ರಾರ್ಥನೆಯಲ್ಲಿ ಕಣ್ಣು ಬಿಟ್ಟಿದ್ದೆ ಎಂದೆ. ಸತ್ಯವಂತ ಹುಡುಗ ಎಂದು ಮೇಷ್ಟ್ರು ನನ್ನ ತಲೆ ಸವರಿದರು.